ನಮ್ಮ ಎರಡು ಗಂಟೆ, ಕುದುರೆಯ 22 ಗಂಟೆ

ಕುದುರೆ ಇಡೋಕೆ ಯಾರ್ಡ್, ಅಂದರೆ ಬಾಡಿಗೆ ಲಾಯ, ನೋಡಿಕೊಂಡು ಬಂದವರನ್ನು ಕೇಳಿ. ಹೆಚ್ಚಿನವರು ಹೇಳುವುದು ಒಂದೇ: "ಇನ್‌ಡೋರ್ ಅರೀನಾ ಇದೆ, ಫ್ಲಡ್‌ಲೈಟ್ ಇದೆ, ಕಾಫಿ ಮಷೀನ್ ಕೂಡ ಇದೆ!" ಎಲ್ಲ ಸರಿ, ಅದರಲ್ಲಿ ಕುದುರೆಗೇನು ಬಂತು? ಕೆಲಸಕ್ಕೆ ಹೋಗುವ ನಾವು ಅದರ ಜೊತೆ ಇರುವುದು ದಿನಕ್ಕೆ ಹೆಚ್ಚೆಂದರೆ ಎರಡು ಗಂಟೆ. ಸವಾರಿ ಮಾಡುವ ಅಂಗಳ, ಆ ಅರೀನಾ, ಬೇಕಾಗುವುದು ಆ ಎರಡು ಗಂಟೆಗೆ. ಉಳಿದ 22 ಗಂಟೆ ಕುದುರೆ ಎಲ್ಲಿ ನಿಲ್ಲುತ್ತದೆ, ಏನು ತಿನ್ನುತ್ತದೆ, ಯಾರ ಜೊತೆ ಇರುತ್ತದೆ? ಯಾರ್ಡ್ ಆರಿಸಬೇಕಾದದ್ದು ಅದನ್ನು ನೋಡಿ.

ಊರಲ್ಲಿರುವ ಸ್ನೇಹಿತರಿಗೆ ಸ್ವಲ್ಪ ಹಿನ್ನೆಲೆ. ನಾವಿರುವುದು ಇಂಗ್ಲೆಂಡಿನ ಚೆಷೈರ್‌ನಲ್ಲಿ. ಇಲ್ಲಿ ಕುದುರೆ ಸಾಕುವವರೆಲ್ಲ ಸಿರಿವಂತರಲ್ಲ. ನರ್ಸ್‌ಗಳು, ಟೀಚರ್‌ಗಳು, ಲಾರಿ ಡ್ರೈವರ್‌ಗಳೂ ಇದ್ದಾರೆ. ಮನೆ ಹಿಂದೆ ಅಂಗೈ ಅಗಲ ಹಿತ್ತಲು. ಹಾಗಾಗಿ ತಿಂಗಳ ಬಾಡಿಗೆ ಕೊಟ್ಟು ಇನ್ನೊಬ್ಬರ ಜಮೀನಿನಲ್ಲಿ, ಇನ್ನೊಬ್ಬರ ಲಾಯದಲ್ಲಿ ಕುದುರೆ ಇಡುತ್ತಾರೆ. ಅದೇ ಲಿವರಿ ಯಾರ್ಡ್. ಬರೀ ಹುಲ್ಲುಗಾವಲಿನಲ್ಲಿ ಬಿಟ್ಟರೆ ಗ್ರಾಸ್ ಲಿವರಿ. ಜಾಗ ಅವರದು, ಲದ್ದಿ ಬಾಚುವುದರಿಂದ ಹಿಡಿದು ಮಿಕ್ಕ ಕೆಲಸವೆಲ್ಲ ನಮ್ಮದು ಅಂದರೆ ಡಿಐವೈ (ಡು ಇಟ್ ಯುವರ್‌ಸೆಲ್ಫ್). ಕೆಲಸ ಹಂಚಿಕೊಂಡರೆ ಪಾರ್ಟ್. ಎಲ್ಲವನ್ನೂ ಅವರೇ ನೋಡಿಕೊಂಡರೆ ಫುಲ್ ಲಿವರಿ. ಅದರ ಬಿಲ್ ನೋಡಿದರೆ ಮನೆ ಬಾಡಿಗೆ ನೆನಪಾಗುತ್ತದೆ.

ಇಲ್ಲಿನ ಕಾನೂನು ನನಗೆ ಇನ್ನೂ ಜೀರ್ಣವಾಗಿಲ್ಲ. ಸವಾರಿಗೆ ಕುದುರೆ ಬಾಡಿಗೆ ಕೊಡುವ ರೈಡಿಂಗ್ ಸ್ಕೂಲ್‌ಗೆ 2018ರ ನಿಯಮದಂತೆ ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ, ಲೈಸೆನ್ಸ್ ಬೇಕು. ರಜೆಗೆ ಹೋಗುವಾಗ ನಾಯಿ, ಬೆಕ್ಕು ಬಿಟ್ಟು ಹೋಗುವ ಜಾಗಕ್ಕೂ ಬೇಕು. ಇಂಗ್ಲೆಂಡಿನಲ್ಲಿ ಬರೀ ಲಿವರಿ ಯಾರ್ಡ್ ನಡೆಸುವವರಿಗೆ ಮಾತ್ರ ಬೇಡ! ಒಂದಿಷ್ಟು ಹೊಲ, ಎರಡು ಶೆಡ್ ಇದ್ದವರು ಈ ಲೈಸೆನ್ಸ್ ಇಲ್ಲದೆಯೇ ಬೋರ್ಡ್ ಹಾಕಬಹುದು. ಇನ್ನೊಂದು ಕಡೆ, 2006ರ ಅನಿಮಲ್ ವೆಲ್ಫೇರ್ ಆ್ಯಕ್ಟ್ ಪ್ರಕಾರ ಮಾಲೀಕರು ಯಾವತ್ತೂ ಹೊಣೆಗಾರರೇ. "ಯಾರ್ಡ್‌ನವರಿಗೆ ಒಪ್ಪಿಸಿದ್ದೆ" ಅಂದಮಾತ್ರಕ್ಕೆ ನಮ್ಮ ಹೊಣೆ ಕಳಚುವುದಿಲ್ಲ. ಬ್ರಿಟಿಷ್ ಹಾರ್ಸ್ ಸೊಸೈಟಿ ಅನ್ನುವ ಕುದುರೆಗಳ ಸೇವಾ ಸಂಸ್ಥೆ ಪರಿಶೀಲಿಸಿ ಒಪ್ಪಿಗೆ ಕೊಡುವ ಯೋಜನೆಯೊಂದಿದೆ, ಇಷ್ಟವಿದ್ದ ಯಾರ್ಡ್‌ಗಳು ಸೇರಬಹುದು. ಆ ಫಲಕ ಕಂಡರೆ ಖುಷಿಪಡಿ. ಆಮೇಲೂ ಕಣ್ಣುಬಿಟ್ಟು ನೋಡಿ.

ಕಳೆದ ಸಲ ಯಾರ್ಡ್ ಬದಲಿಸುವಾಗ ಒಂದು ಜಾಗವನ್ನು ಅಮ್ಮನಿಗೆ ವೀಡಿಯೊ ಕಾಲ್‌ನಲ್ಲಿ ತೋರಿಸಿದೆ. ಅಮ್ಮ ಹಾಸನದ ಕಡೆಯವರು, ಜೀವನವಿಡೀ ಹಸು ಸಾಕಿದವರು. ಪಾಲಿಶ್ ಬಾಗಿಲು, ಹಿತ್ತಾಳೆ ಚಿಲಕ, ಎಲ್ಲ ನೋಡಿ ಕೇಳಿದರು: "ಅದಿರ್ಲಿ ಕಣೇ, ರಾತ್ರಿ ಮೇವು ಯಾರು ಹಾಕ್ತಾರೆ? ಎಷ್ಟೊತ್ತಿಗೆ ಹಾಕ್ತಾರೆ?"

ಯಾರ್ಡ್ ನೋಡಲು ಹೋದವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಹಸು ಹೊಟ್ಟೆ ತುಂಬ ಮೇಯ್ದು ಬಂದು ಮಲಗಿ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕು ಇಲ್ಲ. ಅಷ್ಟು ದೊಡ್ಡ ಮೈಗೆ ಜಠರ ಚಿಕ್ಕದು. ಅದರಲ್ಲಿ ಆಸಿಡ್ ಮಾತ್ರ ಹಗಲೂ ರಾತ್ರಿ ಊರುತ್ತಲೇ ಇರುತ್ತದೆ. ಜೊಲ್ಲು ಬಂದು ಆ ಆಸಿಡ್ ಶಮನವಾಗುವುದು ಅಗಿಯುವಾಗ ಮಾತ್ರ. ಗಂಟೆಗಟ್ಟಲೆ ಖಾಲಿ ಹೊಟ್ಟೆಯಲ್ಲಿ ನಿಂತರೆ ಹುಣ್ಣಾಗುತ್ತದೆ. 500 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 10 ಕಿಲೋ ಒಣಹುಲ್ಲು ಬೇಕು. ಸಂಜೆ ಐದಕ್ಕೆ ಒಂದು ಬಲೆ ಹುಲ್ಲು ನೇತುಹಾಕಿ ಎಲ್ಲರೂ ಮನೆಗೆ ಹೋದರು ಅಂದುಕೊಳ್ಳಿ. ಒಂಬತ್ತರ ಹೊತ್ತಿಗೆ ಅದು ಮುಗಿದಿರುತ್ತದೆ. ಬೆಳಿಗ್ಗೆ ಏಳರವರೆಗೂ ಸುಮ್ನೆ ಗೋಡೆ ನೋಡುತ್ತಾ ನಿಲ್ಲಬೇಕು. "ಹುಲ್ಲು ಬಾಡಿಗೆಯಲ್ಲೇ ಸೇರಿದೆ" ಅಂತ ಹೇಳುವವರನ್ನು ಎಷ್ಟು ಕಿಲೋ ಅಂತ ಕೇಳಿ ನೋಡಿ. ಉತ್ತರ ತಡವರಿಸಿದರೆ ಅಲ್ಲಿ ತೂಗಿ ಹಾಕುವವರಿಲ್ಲ.

ಆ ಹಿತ್ತಾಳೆ ಚಿಲಕದ ಯಾರ್ಡ್‌ಗೆ ನಾನು ಹೋದದ್ದು ಮಧ್ಯಾಹ್ನ ಮೂರಕ್ಕೆ. ಹೊರಗೆ ಒಳ್ಳೆಯ ಬಿಸಿಲು, ಕುದುರೆಗಳೆಲ್ಲ ಒಳಗೆ. ಬಲೆಗಳು ಖಾಲಿ. ಕೊನೆಯ ಲಾಯದಲ್ಲಿ ಒಂದು ಕಂದು ಕುದುರೆ ಬಾಗಿಲ ಮೇಲೆ ತಲೆ ಚಾಚಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತೂಗುತ್ತಿತ್ತು. ಒಂದು ಮುಂಗಾಲಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ, ನಿಲ್ಲಿಸದೆ. "ಅದು ಅವನ ಅಭ್ಯಾಸ" ಅಂದರು ಮ್ಯಾನೇಜರ್, ಮುಂದೆ ನಡೆದರು. ಗಂಟೆಗಟ್ಟಲೆ ಒಳಗೇ ನಿಂತು ಬೇಸತ್ತ ಕುದುರೆಗೆ ಅಂಟಿಕೊಳ್ಳುವ ಚಾಳಿ ಇದು. ಒಂದು ಕುದುರೆ ಹೀಗೆ ಮಾಡಿದರೆ ಯಾರ್ಡ್ ಮೇಲೆ ತಪ್ಪು ಹೊರಿಸಲಾಗದು. ಹಳೆಯ ಜಾಗದಲ್ಲಿ ಅಂಟಿಕೊಂಡ ಚಾಳಿ ಒಳ್ಳೆಯ ಜಾಗಕ್ಕೆ ಬಂದರೂ ಬಿಡದೆ ಇರಬಹುದು. ಆದರೆ ಆ ಸಾಲಿನ ಬಾಗಿಲುಗಳ ಮೇಲಂಚು ನೋಡಿದೆ. ನಾಲ್ಕೈದು ಕಡೆ ಹಲ್ಲಿನಿಂದ ಕಚ್ಚಿ ಕಚ್ಚಿ ಮರ ಸವೆದಿತ್ತು. ಅಷ್ಟೊಂದು ಕುದುರೆಗಳಿಗೆ ಒಟ್ಟಿಗೇ ಚಾಳಿ ಬಂತಾ?

ಹಾಗಾಗಿ ಫೋನ್ ಮಾಡಿ, ಅವರು ಕೊಟ್ಟ ಸಮಯಕ್ಕೆ ಒಮ್ಮೆ ಹೋಗಿ. ಇಷ್ಟವಾದರೆ ಇನ್ನೊಮ್ಮೆ ಬೇರೆ ಹೊತ್ತಿನಲ್ಲಿ ಹೋಗಿ. ವಾರದ ಮಧ್ಯೆ, ಸಂಜೆ, ಮಳೆ ಬರುತ್ತಿದ್ದರೆ ಇನ್ನೂ ಒಳ್ಳೆಯದು. ಲಾಯದೊಳಗೆ ತಲೆ ಹಾಕಿ ಉಸಿರು ಎಳೆದುಕೊಳ್ಳಿ. ಮೂತ್ರದ ಘಾಟು ನಮ್ಮ ಮೂಗಿಗೇ ಹೊಡೆದರೆ, ಅಲ್ಲೇ ನೆಲದ ಹತ್ತಿರ ಮೂಗಿಟ್ಟು ಹುಲ್ಲು ತಿನ್ನುವ ಪ್ರಾಣಿಯ ಶ್ವಾಸಕೋಶದ ಗತಿ ಏನು? ಲಾಯದ ಅಳತೆ 12 ಅಡಿಗೆ 12 ಅಡಿ ಇದ್ದರೆ ಸಾಮಾನ್ಯ ಕುದುರೆಗೆ ಸಾಕು.

ಈಗ ಹೊಲದ ವಿಷಯ. ಜೂನ್‌ನಲ್ಲಿ ಯಾವ ಹೊಲವೂ ಚೆಂದವೇ. ಕೇಳಬೇಕಾದದ್ದು ಜನವರಿ ಬಗ್ಗೆ. ಚೆಷೈರ್‌ನದು ಜೇಡಿಮಣ್ಣು, ಮಳೆಗಾಲಕ್ಕೂ ಚಳಿಗಾಲಕ್ಕೂ ಇಲ್ಲಿ ವ್ಯತ್ಯಾಸವೇ ಇಲ್ಲ. ಹೊಲ ಕೆಸರಾಗುತ್ತದೆ ಅಂತ ಚಳಿಗಾಲವಿಡೀ ಕುದುರೆಯನ್ನು ಹೊರಗೇ ಬಿಡದ ಯಾರ್ಡ್‌ಗಳಿವೆ. ಒಂದು ಕುದುರೆಗೆ ಒಂದರಿಂದ ಒಂದೂವರೆ ಎಕರೆ ಅನ್ನುವುದು ಇಲ್ಲಿ ಎಲ್ಲರೂ ಹೇಳುವ ಲೆಕ್ಕ. ಐದೆಕರೆಯಲ್ಲಿ ಹನ್ನೆರಡು ಕುದುರೆ ಕಂಡರೆ ಚಳಿಗಾಲದಲ್ಲಿ ಏನಾಗುತ್ತದೆ ಅಂತ ಕೇಳುವುದೇ ಬೇಡ. ಗೇಟಿನ ಬಾಯಿಗೆ ಜಲ್ಲಿ ಹಾಕಿದ್ದಾರಾ, ತೊಟ್ಟಿಯ ನೀರು ಪಾಚಿಗಟ್ಟಿದೆಯಾ, ಮುಳ್ಳುತಂತಿ ಇದೆಯಾ, ಹೊಲದಲ್ಲಿ ಬಿದ್ದ ಲದ್ದಿ ಎತ್ತುತ್ತಾರಾ, ಇವನ್ನೆಲ್ಲ ನಡೆಯುತ್ತಾ ನೋಡಬಹುದು.

ಎರಡು ಗಿಡಗಳನ್ನು ಮಾತ್ರ ನಿಂತು ಹುಡುಕಿ. ಒಂದು ರಾಗ್‌ವರ್ಟ್, ಹಳದಿ ಹೂವಿನ ಕಳೆ. ಹಸಿಯಾಗಿದ್ದಾಗ ಕಹಿ, ಕುದುರೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಣಹುಲ್ಲಿನಲ್ಲಿ ಸೇರಿ ಒಣಗಿದರೆ ಕಹಿ ಹೋಗುತ್ತದೆ, ವಿಷ ಹೋಗುವುದಿಲ್ಲ. ನಿಧಾನವಾಗಿ ಲಿವರ್ ತಿಂದುಹಾಕುತ್ತದೆ. ಇನ್ನೊಂದು ಸಿಕಮೋರ್ ಮರ. ಶರತ್ಕಾಲದಲ್ಲಿ ಅದರ ರೆಕ್ಕೆ ಬೀಜಗಳು ಗಿರಗಿರ ತಿರುಗುತ್ತಾ ಪಕ್ಕದ ಹೊಲಕ್ಕೂ ಬಂದು ಬೀಳುತ್ತವೆ. ವಸಂತದಲ್ಲಿ ಅವೇ ಮೊಳಕೆಯೊಡೆಯುತ್ತವೆ. ಎರಡೂ ವಿಷ. ತಿಂದ ಕುದುರೆಯ ಸ್ನಾಯುಗಳು ಕೈಕೊಡುತ್ತವೆ, ಕಾಯಿಲೆ ಬಿದ್ದವುಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ಮರ ಬೇಲಿಯಾಚೆ ಪಕ್ಕದವರದ್ದಾದರೂ ಆ ಋತುವಿನಲ್ಲಿ ಹೊಲದ ಆ ಮೂಲೆಗೆ ಬೇಲಿ ಕಟ್ಟುತ್ತಾರಾ ಅಂತ ಕೇಳಿ.

ಹುಲ್ಲು ದಟ್ಟವಾಗಿದ್ದರೆ ಒಳ್ಳೆಯ ಹೊಲ ಅನ್ನುವುದೂ ಎಲ್ಲ ಕುದುರೆಗೂ ಸಲ್ಲುವುದಿಲ್ಲ. ನಮ್ಮದು ವೆಲ್ಷ್ ಕಾಬ್ ತಳಿಯ ಹೆಣ್ಣು ಕುದುರೆ. ಬಡ ಹುಲ್ಲು ತಿಂದು ಬೆಟ್ಟದಲ್ಲಿ ಬದುಕಿದ ವಂಶ. ಏಪ್ರಿಲ್‌ನ ಸಕ್ಕರೆ ತುಂಬಿದ ಹುಲ್ಲಿಗೆ ಇಡೀ ದಿನ ಬಿಟ್ಟರೆ ಗೊರಸಿನೊಳಗೆ ಉರಿಯೂತ ಬಂದು ನಿಲ್ಲಲಾರದೆ ಒದ್ದಾಡುತ್ತದೆ. ಲ್ಯಾಮಿನೈಟಿಸ್ ಅನ್ನುವುದು ಇದಕ್ಕೇ. ಹಾಗಾಗಿ ನಾನು ಹುಡುಕಿದ್ದು ಹುಲ್ಲು ಕಡಿಮೆ ಇರುವ ಒಂದು ತುಂಡು ಹೊಲವೂ ಇರುವ ಯಾರ್ಡ್. ಅದನ್ನು ಕೇಳಿದರೆ ಕೆಲವರು ಹುಚ್ಚಿಯನ್ನು ನೋಡುವಂತೆ ನೋಡಿದರು.

ಕೊನೆಗೆ ಒಪ್ಪಿದ ಯಾರ್ಡ್ ನೋಡಲು ಏನೂ ಇಲ್ಲ. ಹಳೆಯ ಡೇರಿ ಫಾರ್ಮ್, ತಗಡಿನ ಮಾಡು, ಅರೀನಾದಲ್ಲಿ ಮಳೆ ನೀರು. ಅದನ್ನು ನಡೆಸುವ ಹಿರಿಯ ಹೆಂಗಸು ನನಗೆ ಪ್ರಶ್ನೆ ಕೇಳಲು ಅವಕಾಶವನ್ನೇ ಕೊಡಲಿಲ್ಲ. "ಈಗಿರುವ ಯಾರ್ಡ್ ಯಾಕೆ ಬಿಡ್ತಿದ್ದೀರಿ? ಫ್ಲೂ, ಟೆಟನಸ್ ಲಸಿಕೆ ಆಗಿದೆಯಾ? ಅಲ್ಲಿ ಯಾವುದಾದರೂ ಕುದುರೆಗೆ ಸ್ಟ್ರಾಂಗಲ್ಸ್ ಬಂದಿತ್ತಾ?" ಸ್ಟ್ರಾಂಗಲ್ಸ್ ಅಂದರೆ ಗಂಟಲ ಗ್ರಂಥಿಗಳು ಊದಿ ಕೀವಾಗುವ ಅಂಟುರೋಗ. ವಾಸಿಯಾದ ಮೇಲೂ ಕೆಲವು ಕುದುರೆಗಳು ಹೊರಗೆ ಏನೂ ತೋರಿಸದೆ ಅದನ್ನು ಹೊತ್ತು ತಿರುಗುತ್ತವೆ. ಅದಕ್ಕೇ ಹೊಸ ಕುದುರೆಯನ್ನು ಮೂರು ವಾರ ಬೇರೆ ಕಟ್ಟುವುದು, ಬಕೆಟ್, ಬ್ರಷ್ ಎಲ್ಲ ಬೇರೆ ಇಡುವುದು. ಆಕೆ ಇದನ್ನೆಲ್ಲ ಪಟಪಟ ಹೇಳಿದರು. ಹಿಂದೆ ನೋಡಿದ ಕಡೆಗಳಲ್ಲಿ ಯಾರೂ ನನ್ನ ಕುದುರೆ ಎಲ್ಲಿಂದ ಬರುತ್ತಿದೆ ಅಂತಲೂ ಕೇಳಿರಲಿಲ್ಲ. ನನ್ನನ್ನು ಕೇಳದವರು ನನ್ನ ನಂತರ ಬರುವವರನ್ನೂ ಕೇಳುವುದಿಲ್ಲ, ಅಲ್ವಾ?

ದೂರ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಡಿಐವೈ ಅಲ್ಲದಿದ್ದರೆ. ದಿನಕ್ಕೆರಡು ಸಲ ಲದ್ದಿ ಬಾಚಲು ಅರ್ಧ ಗಂಟೆ ಡ್ರೈವ್ ಮಾಡುವ ಉತ್ಸಾಹ ನವೆಂಬರ್ ಬಂದಾಗ ಇಳಿಯುತ್ತದೆ.

ಇನ್ನು ಕಾಗದಪತ್ರ. ಬಾಯಿಮಾತಿನ ಒಪ್ಪಂದ ಬೇಡ. ಏನೇನು ಬಾಡಿಗೆಯಲ್ಲಿ ಸೇರಿದೆ, ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು ಎಲ್ಲ ಬರೆದಿರಲಿ. ಊರಿಗೆ ಹೋಗಿಬರುವ ನಮ್ಮಂಥವರಿಗೆ ಇನ್ನೊಂದು ತಲೆನೋವಿದೆ. ಹತ್ತು ಗಂಟೆ ವಿಮಾನದಲ್ಲಿ ಫೋನ್ ಬಂದ್. ಆಗಲೇ ಕುದುರೆಗೆ ಕೋಲಿಕ್ ಬಂದರೆ? ಆ ಹೊಟ್ಟೆನೋವಿಗೆ ಆಪರೇಷನ್ ಬೇಕೋ ಅಂತ ಗಂಟೆಗಳೊಳಗೆ ನಿರ್ಧಾರವಾಗಬೇಕು. ಆಪರೇಷನ್‌ಗೆ ಒಪ್ಪಿಗೆ ಇದೆಯಾ, ಎಷ್ಟು ಪೌಂಡ್‌ವರೆಗೆ, ಉಳಿಯುವುದಿಲ್ಲ ಅಂತಾದರೆ ಇಂಜೆಕ್ಷನ್ ಕೊಟ್ಟು ಕಳಿಸಿಕೊಡಲು ವೆಟ್‌ಗೆ ಹೇಳುವವರು ಯಾರು, ಎಲ್ಲಕ್ಕೂ ಮೊದಲೇ ಸಹಿ ಬೇಕು. ಕುದುರೆಯ ಪಾಸ್‌ಪೋರ್ಟ್, ಅಂದರೆ ಅದರ ಗುರುತಿನ ಪುಸ್ತಕ, ಅದೂ ಯಾರ್ಡ್‌ನಲ್ಲೇ ಇರಲಿ. ಮಾಂಸಕ್ಕೆ ಹೋಗದ ಕುದುರೆ ಅಂತ ಅದರಲ್ಲಿ ನಮೂದಾಗಿದ್ದರೆ ಮಾತ್ರ ಬ್ಯೂಟ್‌ನಂಥ ನೋವಿನ ಮದ್ದು ಕೊಡಬಹುದು. ಆ ಹಿರಿಯ ಹೆಂಗಸು ಈ ಒಪ್ಪಿಗೆ ಪತ್ರ ತುಂಬುವವರೆಗೆ ನಮ್ಮ ಕುದುರೆಯನ್ನು ಇಳಿಸಲು ಬಿಡಲಿಲ್ಲ. ಗಾಡಿಯನ್ನು ಗೇಟಿನ ಹೊರಗೇ ನಿಲ್ಲಿಸಿ, ಬಾನೆಟ್ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದೆ.