ಹೋಮ್‌ಸ್ಟೇ ವೈಫೈ, ಡಿ ಡ್ರೈವ್ ಮತ್ತು ‘ಎವೆರಿಒನ್’

ನಮ್ಮ ಕೊಡಗಿನ ಎಷ್ಟೋ ಮನೆಗಳಲ್ಲಿ ತೋಟದ ಆಫೀಸಿಗೂ ಹೋಮ್‌ಸ್ಟೇಗೂ ಒಂದೇ ಕಂಪ್ಯೂಟರ್. ರೈಟರ್ (ತೋಟದ ಗುಮಾಸ್ತ) ಹಾಕಿದ ಹಾಜರಿ, ಕೂಲಿ ಲೆಕ್ಕ, ಕಾಫಿ ಚೆರಿ ಎಷ್ಟು ಚೀಲ ಹೋಯಿತು, ಆರ್‌ಟಿಸಿ ಸ್ಕ್ಯಾನ್, ಗೆಸ್ಟ್‌ಗಳ ಆಧಾರ್ ಫೋಟೋ, ಎಲ್ಲಾ ಡಿ ಡ್ರೈವ್‌ನಲ್ಲಿ. ಆ ಡ್ರೈವ್ ಮನೆಯ ವೈಫೈಗೆ ಶೇರ್ ಆಗಿರುತ್ತದೆ. ಅದೇ ವೈಫೈ ಪಾಸ್‌ವರ್ಡನ್ನು ಗೆಸ್ಟ್ ರೂಮಿನ ಗೋಡೆಗೆ ಅಂಟಿಸಿರುತ್ತೇವೆ!

ಶುರುವಾಗುವುದು ಹೀಗೆ. ಲ್ಯಾಪ್‌ಟಾಪ್‌ನಿಂದ ಫೋಲ್ಡರ್ ಓಪನ್ ಆಗುತ್ತಿಲ್ಲ ಅಂತ ಅಂಗಡಿಯ ಹುಡುಗನನ್ನು ಕರೆಸುತ್ತೇವೆ. ಅವನು ‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್’ ಆಫ್ ಮಾಡಿ, ಎವೆರಿಒನ್‌ಗೆ, ಅಂದರೆ ಎಲ್ಲರಿಗೂ, ಫುಲ್ ಕಂಟ್ರೋಲ್ (ಓದುವ, ತಿದ್ದುವ, ಅಳಿಸುವ ಹಕ್ಕು) ಟಿಕ್ ಹಾಕಿ ಹೋಗುತ್ತಾನೆ. ತಕ್ಷಣ ಓಪನ್ ಆಗುತ್ತದೆ. ಎಲ್ಲರಿಗೂ ಖುಷಿ. ಹುಡುಗನನ್ನು ಬೈಯುವುದಿಲ್ಲ, ನಾವು ಕೇಳಿದ್ದೇ ಅಷ್ಟು.

ಸೋಮವಾರಪೇಟೆ ಕಡೆಯ ಪರಿಚಯದವರ ಹೋಮ್‌ಸ್ಟೇಯಲ್ಲಿ ಬೆಂಗಳೂರಿನ ಗೆಸ್ಟ್ ಒಬ್ಬ ತಿಂಡಿಗೆ ಕೂತಾಗ ಹೇಳಿದ, “ಅಂಕಲ್, ನಿಮ್ಮ ಕಂಪ್ಯೂಟರ್ ನನ್ನ ಲ್ಯಾಪ್‌ಟಾಪಲ್ಲಿ ಕಾಣ್ತಿದೆ. ಹೋದ ತಿಂಗಳು ಬಂದವರ ಆಧಾರೂ ಇದೆ.” ಒಳ್ಳೆಯವನು, ಹೇಳಿದ. ಸುಮ್ನೆ ಕಾಪಿ ಮಾಡಿಕೊಂಡು ಹೋಗಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

ಹಾಗಾಗಿ ನನ್ನ ಅಭಿಪ್ರಾಯ ನೇರ: ಹೊರಗಿನವರಿಗೆ ವೈಫೈ ಕೊಡುವ ಮನೆಯಲ್ಲಿ ಎವೆರಿಒನ್ ಅನ್ನೋ ಹೆಸರು ಯಾವ ಫೋಲ್ಡರ್‌ನ ಶೇರಿಂಗ್‌ನಲ್ಲೂ ಇರಬಾರದು.

ವಿಂಡೋಸ್‌ನಲ್ಲಿ ಒಂದು ಫೋಲ್ಡರ್‌ಗೆ ಎರಡು ಕಡೆ ಪರ್ಮಿಷನ್ ಇರುತ್ತದೆ. ಪ್ರಾಪರ್ಟೀಸ್‌ನ ಶೇರಿಂಗ್ ಟ್ಯಾಬ್ ಒಂದು, ಸೆಕ್ಯುರಿಟಿ ಟ್ಯಾಬ್ ಇನ್ನೊಂದು. ನೆಟ್‌ವರ್ಕ್‌ನಿಂದ ಬರುವವರಿಗೆ ವಿಂಡೋಸ್ ಎರಡನ್ನೂ ನೋಡಿ, ಯಾವುದು ಬಿಗಿಯೋ ಅದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದೇ ಕಂಪ್ಯೂಟರ್ ಮುಂದೆ ಕೂತವರಿಗೆ ಸೆಕ್ಯುರಿಟಿ ಟ್ಯಾಬ್ ಮಾತ್ರ. ಶೇರಿಂಗ್‌ನಲ್ಲಿ ಟಿಕ್ ಹಾಕಿದರೂ ಓಪನ್ ಆಗದೆ ಜನ ತಲೆ ಕೆಡಿಸಿಕೊಳ್ಳುವುದು ಈ ಎರಡನೇ ಬೀಗ ಗೊತ್ತಿಲ್ಲದೆ. ಆಮೇಲೆ ಸಿಟ್ಟಿನಲ್ಲಿ ಎರಡೂ ಕಡೆ ಎಲ್ಲರಿಗೂ ಫುಲ್ ಕಂಟ್ರೋಲ್.

ರೈಟರ್‌ಗೆ ಆ ಕಂಪ್ಯೂಟರಿನಲ್ಲಿ ಬೇರೆ ಅಕೌಂಟ್, ಪಾಸ್‌ವರ್ಡ್ ಮಾಡಿಕೊಡಿ. ಹಾಜರಿ ಫೋಲ್ಡರ್ ಅವರಿಗೆ ಬರೆಯಲು, ಬೇರೆ ಊರಿಂದ ಬಂದ ಮಗಳಿಗೆ ಓದಲು ಮಾತ್ರ, ಹೀಗೆ ಹೆಸರು ಹಿಡಿದು ಕೊಡಿ. ಆಧಾರ್ ಫೋಲ್ಡರ್ ಶೇರ್ ಮಾಡುವುದೇ ಬೇಡ. ಲಾಗಿನ್‌ಗೆ ಹಾಕುವ ಪಿನ್ ಇಲ್ಲಿ ನಡೆಯುವುದಿಲ್ಲ, ನೆಟ್‌ವರ್ಕ್‌ನಿಂದ ಒಳಗೆ ಬರಲು ಅಕೌಂಟಿನ ಪಾಸ್‌ವರ್ಡೇ ಬೇಕು. ಇನ್ನೊಂದು, ಎವೆರಿಒನ್ ಬೇಡವೆಂದರೆ ಅದನ್ನು ರಿಮೂವ್ ಮಾಡಿ. ‘ಡಿನೈ’ ಟಿಕ್ ಹಾಕಬೇಡಿ. ಎವೆರಿಒನ್‌ನಲ್ಲಿ ನೀವೂ ಇದ್ದೀರಿ, ನಿಮಗೇ ಬಾಗಿಲು ಹಾಕಿದಂತಾಗುತ್ತದೆ.

“ನಮ್ಮ ಮನೆಯಲ್ಲಿ ಕದಿಯೋಕೆ ಏನಿದೆ?” ಅನ್ನುವವರು ತುಂಬಾ ಜನ. ಕದಿಯುವುದಕ್ಕಿಂತ ಹಾಳಾಗುವುದೇ ಜಾಸ್ತಿ ಭಯ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ ರಾನ್ಸಮ್‌ವೇರ್ (ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ವೈರಸ್) ಪ್ರಪಂಚವನ್ನೇ ಸುತ್ತಿತಲ್ಲ, ಅದು ಹರಡಿದ್ದು ವಿಂಡೋಸ್‌ನ ಇದೇ ಫೈಲ್ ಶೇರಿಂಗ್ ವ್ಯವಸ್ಥೆಯ ಹಳೇ ಆವೃತ್ತಿಯ ದೋಷದಿಂದ. ಅದನ್ನು ಸರಿಪಡಿಸುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಗೆಸ್ಟ್ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಅಂಥ ವೈರಸ್ ಇದ್ದು, ನಿಮ್ಮ ಫೋಲ್ಡರ್ ಎಲ್ಲರಿಗೂ ಫುಲ್ ಕಂಟ್ರೋಲ್ ಅಂದರೆ, ವರ್ಷದ ಲೆಕ್ಕವನ್ನೆಲ್ಲ ಅದು ಲಾಕ್ ಮಾಡಬಹುದು. ಕಂಪ್ಯೂಟರ್‌ಗೆ ಅಪ್‌ಡೇಟ್ ಹಾಕಿದ್ದರೆ, ಓದಲು ಮಾತ್ರ ಕೊಟ್ಟ ಫೋಲ್ಡರ್ ಶೇರಿಂಗ್ ದಾರಿಯಲ್ಲಿ ಬರುವ ಇಂಥ ಲಾಕ್‌ನಿಂದ ಬಚಾವ್. ಬ್ಯಾಕಪ್ ಹಾರ್ಡ್ ಡಿಸ್ಕನ್ನು ಸದಾ ಚುಚ್ಚಿಟ್ಟಿದ್ದರೆ ಅದೂ ಹೋಗುತ್ತದೆ. ಕಾಪಿ ಆದ ಮೇಲೆ ಕಿತ್ತು ಬೀರುವಿನಲ್ಲಿಡಿ.

ಈ ಪರ್ಮಿಷನ್‌ಗಳಿಗೂ ಮಿತಿ ಇದೆ. ಮೇ ತಿಂಗಳ ಸಿಡಿಲಿಗೆ ಕಂಪ್ಯೂಟರ್ ಕೆಟ್ಟು ರಿಪೇರಿಗೆ ಕೊಟ್ಟಿರಿ ಅನ್ನಿ. ಡಿಸ್ಕ್ ಬಿಚ್ಚಿ ಬೇರೆ ಮೆಷಿನ್‌ಗೆ ಹಾಕಿದರೆ ಅಲ್ಲಿನ ಅಡ್ಮಿನ್ ಎಲ್ಲವನ್ನೂ ಓದಬಹುದು. ಅದಕ್ಕೆ ಎನ್‌ಕ್ರಿಪ್ಷನ್, ಅಂದರೆ ಕೀ ಇಲ್ಲದೆ ಡಿಸ್ಕನ್ನು ಯಾರೂ ಓದಲಾಗದಂತೆ ಮಾಡುವ ವ್ಯವಸ್ಥೆ ಬೇಕು. ರಿಕವರಿ ಕೀ ಬರೆದಿಟ್ಟುಕೊಳ್ಳದೆ ಅದನ್ನು ಆನ್ ಮಾಡಬೇಡಿ.

ಗೆಸ್ಟ್‌ಗಳಿಗೆ ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿಕೊಡಿ. ಈಗಿನ ಬಹಳಷ್ಟು ರೂಟರ್‌ಗಳಲ್ಲಿ ಆ ಸೌಲಭ್ಯ ಇದೆ. ಅವರಿಗೆ ಇಂಟರ್ನೆಟ್ ಸಿಗುತ್ತದೆ, ನಿಮ್ಮ ಕಂಪ್ಯೂಟರ್ ಕಾಣುವುದಿಲ್ಲ. ಆಧಾರ್ ಕೇಳುವಾಗ ಮೊದಲ 8 ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಸಾಕಾ ಅಂತ ವಿಚಾರಿಸಿಕೊಳ್ಳಿ, ಸಾಕು ಅಂದರೆ ಅದನ್ನೇ ಇಟ್ಟುಕೊಳ್ಳಿ.

ನಿಮ್ಮ ಮನೆಯಲ್ಲಿ ಏನೇನು ಶೇರ್ ಆಗಿದೆ ನೋಡಬೇಕಾ? ಕಮಾಂಡ್ ಪ್ರಾಂಪ್ಟ್ ತೆಗೆದು ‘ನೆಟ್ ಶೇರ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಎಂಟರ್ ಒತ್ತಿ. ಸಿ ಡಾಲರ್, ಡಿ ಡಾಲರ್, ಐಪಿಸಿ ಡಾಲರ್, ಅಡ್ಮಿನ್ ಡಾಲರ್ ವಿಂಡೋಸ್ ತಾನೇ ಇಟ್ಟುಕೊಂಡದ್ದು, ಅವುಗಳನ್ನು ಮುಟ್ಟಬೇಡಿ. ಉಳಿದ ಹೆಸರುಗಳಲ್ಲಿ ಯಾಕೆ ಶೇರ್ ಆಗಿದೆ ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲದ ಫೋಲ್ಡರ್ ಇದ್ದರೆ, ಅದರ ಶೇರಿಂಗ್ ಮೊದಲು ನಿಲ್ಲಿಸಿ. ಬೇಕಾದವರು ಕೇಳಿಕೊಂಡು ಬರುತ್ತಾರೆ.