ಯಾರದೋ ಜಗಳ, ನನಗೆ ತಲೆನೋವು

ಡೊಂಬಿವಲಿಯಿಂದ ಮುಂಬೈ ಕಡೆಗೆ ಬೆಳಗಿನ ಫಾಸ್ಟ್ ಲೋಕಲ್ ರೈಲು. ಬ್ಯಾಗು ಎದೆಗವಚಿಕೊಂಡು ಹೇಗೋ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಕಾಲೇಜು ಹುಡುಗ. ಅವನ ಫೋನಿನ ಸ್ಪೀಕರು ಸರಿಯಾಗಿ ನನ್ನ ಕಿವಿಯ ಬುಡಕ್ಕೆ. ಇಯರ್‌ಫೋನ್ ಇಲ್ಲ ಅಂತಲ್ಲ. ಇದೆ! ಕೊರಳಲ್ಲಿ ಜಪಮಾಲೆ ಹಾಗೆ ಸುಮ್ನೆ ನೇತಾಡುತ್ತಿತ್ತು.

ಹಾಡು ಯಾವುದು ಅಂದರೆ, ಕೆಂಡ್ರಿಕ್ ಲಮಾರ್ ಅನ್ನೋ ರ‍್ಯಾಪ್ ಗಾಯಕ ಡ್ರೇಕ್ ಅನ್ನೋ ಇನ್ನೊಬ್ಬ ರ‍್ಯಾಪ್ ಗಾಯಕನಿಗೆ ಬೈದದ್ದು. 2024ರ ಮೇ ತಿಂಗಳ ಜಗಳ. ಆ ಬೈಗುಳಕ್ಕೆ 2025ರಲ್ಲಿ 5 ಗ್ರ್ಯಾಮಿ ಸಂಗೀತ ಪ್ರಶಸ್ತಿ ಬೇರೆ ಬಂತು. ನಮ್ಮ ಬಿಲ್ಡಿಂಗಿನಲ್ಲಿ ನೀರಿಗಾಗಿ ದಿನಾ ಬೈದಾಡುವವರಿಗೆ ಒಂದು ಸ್ಟೀಲ್ ಲೋಟವೂ ಸಿಕ್ಕಿಲ್ಲ.

ಪೂರ್ತಿ ಹಾಡು ಹಾಕಿದ್ದರೆ ಸಹಿಸಬಹುದಿತ್ತು. ಅದೇ 15 ಸೆಕೆಂಡಿನ ತುಣುಕು, ಠಾಣೆಯಿಂದ ಘಾಟ್ಕೋಪರ್ ತನಕ. ಮೇಲಿಂದ ಗೆಳೆಯನ ಜೊತೆ ವಾದ, ಗೆದ್ದವರು ಯಾರು ಅಂತ. ಅಲ್ಲಪ್ಪಾ, ಒಬ್ಬ ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನವನು, ಇನ್ನೊಬ್ಬ ಟೊರಾಂಟೊದವನು. ಕುರ್ಲಾದಲ್ಲಿ ಇಳಿಯುವ ನಿನ್ನ ಯಾವ ಆಸ್ತಿ ಹೋಯ್ತು?

ಮಾತಿನ ಕಾಳಗ ನನಗೂ ಇಷ್ಟವೇ. ಮಳೆಗಾಲದಲ್ಲಿ ಊರ ಕಡೆಯ ಕಲಾವಿದರು ಮುಂಬೈಗೆ ಬಂದು ತಾಳಮದ್ದಳೆ ನಡೆಸುತ್ತಾರಲ್ವಾ, ಕರ್ಣ-ಶಲ್ಯರ ಜಟಾಪಟಿಗೆ ಮುಂದಿನ ಕುರ್ಚಿ ಹಿಡಿಯುವುದು ನಾನೇ. ಹಾಗಂತ ಅದನ್ನು ರೆಕಾರ್ಡ್ ಮಾಡಿ ಲೋಕಲ್‌ನಲ್ಲಿ ಪಕ್ಕದವರ ಕಿವಿಗೆ ತುರುಕಿಲ್ಲ.

ಕೊನೆಗೆ ತಡೆಯಲಾಗದೆ, 'ಅರೇ ಬಾಳಾ, ಆವಾಜ್ ಜರಾ ಕಮೀ ಕರ್' ಅಂದೆ. 'ಸಾರಿ ಅಂಕಲ್' ಅಂತ ತಗ್ಗಿಸಿದ. ಮುಂದಿನ ಸ್ಟೇಷನ್ನೇ ಕುರ್ಲಾ.

ರಾತ್ರಿ ಕುಕ್ಕರಿಗೆ ಬೇಳೆ ಇಡುವಾಗ ಹೆಂಡತಿ ಕೇಳಿದಳು, 'ಏನ್ರೀ ಅದು, ಆಗಿನಿಂದ ಗುನುಗುತ್ತಾ ಇದ್ದೀರಿ?'