ಪಂಕ್ಚರ್ ಯಾರ ಚಿತ್ತ?

ನಮ್ಮ ಕ್ರೈಸ್ತ ವಿಶ್ವಾಸಿಗಳ ನಡುವೆ ಏನಾದರೂ ಕೆಲಸ ಕೆಟ್ಟರೆ ತಕ್ಷಣ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಒಂದು ಸೈತಾನನ ತಡೆ ಪಕ್ಷ, ಇನ್ನೊಂದು ದೇವರ ಚಿತ್ತ ಪಕ್ಷ. ರೈಲು ತಪ್ಪಿತಾ? ಸೈತಾನ. ಮುಂದಿನ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತಾ? ದೇವರ ಚಿತ್ತ. ಗಡಿಯಾರ ನೋಡದೆ ಮನೆ ಬಿಟ್ಟವನ ಪಾಲೆಷ್ಟು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ತಮಾಷೆ ಅಂದ್ರೆ, ಯೇಸುವಿನ ಸುವಾರ್ತೆ ಸಾರುತ್ತಾ ಊರೂರು ತಿರುಗಿದ ಅಪೊಸ್ತಲ ಪೌಲನ ಪ್ರಯಾಣಗಳಲ್ಲೇ ಎರಡೂ ಪಕ್ಷಕ್ಕೆ ಆಧಾರ ಸಿಗುತ್ತದೆ. ಥೆಸಲೊನೀಕ ಪಟ್ಟಣದ ಸಭೆಯವರಿಗೆ ಬರೆಯುವಾಗ, ನಿಮ್ಮ ಹತ್ತಿರ ಬರಬೇಕೆಂದಿದ್ದೆ, ಸೈತಾನ ಅಡ್ಡಿಮಾಡಿದ ಅನ್ನುತ್ತಾನೆ. ಬಿಥೂನ್ಯ ಪ್ರಾಂತ್ಯಕ್ಕೆ ಹೊರಟಾಗ ತಡೆದದ್ದು ಯೇಸುವಿನ ಆತ್ಮ ಅಂತ ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿದೆ. ದಾರಿ ಮುಚ್ಚಿದ್ದು ಎರಡು ಸಲವೂ ನಿಜ, ಮುಚ್ಚಿದವರು ಮಾತ್ರ ಬೇರೆ. ನಮಗೆ ಅಷ್ಟೆಲ್ಲ ಯೋಚನೆ ಯಾಕೆ, ಟೈರಿನ ಗಾಳಿ ಪೂರ್ತಿ ಇಳಿಯುವ ಮೊದಲೇ ತೀರ್ಪು ರೆಡಿ.

ಒಂದು ಭಾನುವಾರ ಸಭೆಯಲ್ಲಿ ದೇವರ ಸಮಯದ ಬಗ್ಗೆ ನಾನು ಮಾತಾಡಬೇಕಿತ್ತು. ಅರ್ಧ ದಾರಿಯಲ್ಲಿ ಬೈಕ್ ಪಂಕ್ಚರ್. ಭಾನುವಾರ ಅಂತ ಪಂಕ್ಚರ್ ಅಂಗಡಿಗೂ ಬೀಗ. ತಳ್ಳಿಕೊಂಡು ಹೊರಟರೆ ಮಳೆ. ಮುಟ್ಟುವಷ್ಟರಲ್ಲಿ ಕೊನೆಯ ಹಾಡು ನಡೆಯುತ್ತಿತ್ತು. ಜೇಬಿನಿಂದ ಚೀಟಿ ತೆಗೆದರೆ ಶಾಯಿಯೆಲ್ಲ ಹರಡಿ ನೀಲಿ ಕೆಸರು. ಓದುವ ಹಾಗೆ ಉಳಿದದ್ದು "ಮೊದಲನೆಯದಾಗಿ" ಅನ್ನುವ ಒಂದೇ ಪದ. ಮೊದಲನೆಯದಾಗಿ ಏನು ಅಂತ ನನಗೂ ಹೊಳೆಯಲಿಲ್ಲ.

ಆರಾಧನೆ ಮುಗಿದ ಮೇಲೆ ವಿಚಾರಣೆ ಶುರುವಾಯಿತು.

"ಟೈಮಿಗೆ ಬಂದಿದ್ರೆ ದಾರೀಲಿ ಆಕ್ಸಿಡೆಂಟ್ ಆಗ್ತಿತ್ತೇನೋ ಬ್ರದರ್. ಅದಕ್ಕೇ ದೇವರು ನಿಲ್ಲಿಸಿದ್ದಾರೆ," ಅಂದರು ಒಬ್ಬ ಹಿರಿಯರು.

"ಅಲ್ಲ ಅಂಕಲ್, ಇವರ ಸಂದೇಶ ಯಾರೂ ಕೇಳಬಾರದು ಅಂತ ಸೈತಾನನೇ ಮೊಳೆ ಹಾಕಿರೋದು," ಅಂದ ಯುವಕರ ಗುಂಪಿನ ಹುಡುಗ.

ನನ್ನ ಹಿಂದಿನ ಸಂದೇಶ ಕೇಳಿದ್ದ ಆಂಟಿಯೊಬ್ಬರು ಮೆಲ್ಲಗೆ, "ದೇವರು ಸಭೇನ ಕಾಪಾಡಿರಲೂಬಹುದು," ಅಂದರು.

ಇಂಥ ತೀರ್ಪುಗಾರರು ಮಾಲ್ಟಾ ದ್ವೀಪದಲ್ಲೂ ಇದ್ದರು. ಪೌಲನ ಹಡಗು ಬಿರುಗಾಳಿಗೆ ಸಿಕ್ಕಿ ಒಡೆದು, ಅದರಲ್ಲಿದ್ದ 276 ಜನ ಈಜಿಕೊಂಡೋ ಹಲಗೆ ಹಿಡಿದೋ ದಡ ಸೇರುತ್ತಾರೆ. ಮಳೆ, ಚಳಿ. ಪೌಲ ಬೆಂಕಿಗೆ ಸೌದೆ ಹಾಕಲು ಹೋದರೆ ಅದರೊಳಗಿಂದ ಹಾವು ಬಂದು ಕೈ ಹಿಡಿಯುತ್ತದೆ. ನೋಡಿದವರು ಇವನು ಕೊಲೆಗಾರನೇ ಇರಬೇಕು ಅಂತ ತೀರ್ಮಾನಿಸುತ್ತಾರೆ. ಕೈ ಊದುತ್ತದೆಯೇ, ಬಿದ್ದು ಸಾಯುತ್ತಾನೆಯೇ ಅಂತ ಕಾಯುತ್ತಾರೆ. ಏನೂ ಆಗದಿದ್ದಾಗ ಇವನು ದೇವರೇ ಅನ್ನುತ್ತಾರೆ! ಕೊಲೆಗಾರನಿಂದ ದೇವರವರೆಗೆ ಇಷ್ಟು ಬೇಗ ಬಡ್ತಿ ಬೇರೆ ಯಾರಿಗೂ ಸಿಕ್ಕಿರಲಿಕ್ಕಿಲ್ಲ. ನನಗೆ ಇಷ್ಟವಾಗುವುದು ಪೌಲ ಮಾಡಿದ್ದು. ಹಾವನ್ನು ಬೆಂಕಿಗೆ ಝಾಡಿಸಿದ, ಅಷ್ಟೇ. ಈ ಹಾವಿನ ಉದ್ದೇಶವೇನು ಕರ್ತನೇ ಅಂತ ಅವನು ಕೇಳಿದ್ದು ಎಲ್ಲೂ ಬರೆದಿಲ್ಲ. ಆಮೇಲೆ ಅದೇ ದ್ವೀಪದಲ್ಲಿ ಜ್ವರದಿಂದ ಮಲಗಿದ್ದ, ಅಲ್ಲಿನ ಮುಖ್ಯಸ್ಥ ಪೊಪ್ಲಿಯನ ತಂದೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ವಾಸಿಮಾಡಿದ.

ದೇವರ ಮೇಲೆ ಭರವಸೆ ಇಡುವುದು ಅಂದ್ರೆ ಕಾರಣ ಕಂಡುಹಿಡಿಯುವ ಜಾಣತನ ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ ಅನ್ನಿಸುತ್ತದೆ. ಅದೂ ಸಂಜೆಯೊಳಗೇ ಗೊತ್ತಾಗಬೇಕು. ಬೈಬಲಿನ ಯೋಸೇಫನನ್ನು ನೋಡಿ. ಕಥೆ ಶುರುವಾಗುವಾಗ ಅವನಿಗೆ 17 ವರ್ಷ, ಐಗುಪ್ತದ ಅರಸ ಫರೋಹನ ಮುಂದೆ ನಿಲ್ಲುವಾಗ 30. ಮಧ್ಯೆ ಸೆರೆಮನೆಯಲ್ಲಿ, ಅರಸನಿಗೆ ದ್ರಾಕ್ಷಾರಸ ಕೊಡುತ್ತಿದ್ದ ಪಾನದಾಯಕನ ಕನಸಿನ ಅರ್ಥ ಹೇಳಿ, ನನ್ನ ವಿಷಯ ಫರೋಹನಿಗೆ ತಿಳಿಸಿ ಬಿಡಿಸಪ್ಪಾ ಅಂತ ಕೇಳಿಕೊಂಡ. ಪಾನದಾಯಕ ಹೊರಗೆ ಹೋದ. ಮರೆತೇಬಿಟ್ಟ. ಎರಡು ವರ್ಷ! ಆ ಎರಡು ವರ್ಷ ಯೋಸೇಫನ ಹತ್ತಿರ ಯಾವ ವಿವರಣೆಯೂ ಇರಲಿಲ್ಲ. ದೇವರು ಅವನ ಸಂಗಡ ಇದ್ದರು ಅಂತ ಮಾತ್ರ ಬರೆದಿದೆ. ಅದು ನನಗೆ ಯಾವ ವಿವರಣೆಗಿಂತಲೂ ಜಾಸ್ತಿ ಧೈರ್ಯ ಕೊಡುತ್ತದೆ. ಯಾಕೆ ಹೀಗಾಯ್ತು ಅಂತ ಅವನ ಬಾಯಲ್ಲೇ ಬರುವುದು ಬರಗಾಲದಲ್ಲಿ, ಅವನನ್ನು ಮಾರಿದ್ದ ಅಣ್ಣಂದಿರೇ ಎದುರು ನಿಂತಾಗ.

ಪಾಸ್ಟರ್ ನನಗೆ ಮುಂದಿನ ವಾರ ಅವಕಾಶ ಕೊಟ್ಟರು. ಅವತ್ತು ಮೈಕ್ ಕೈಕೊಟ್ಟಿತು. ಹಿಂದಿನ ಬೆಂಚಿನವರನ್ನು ಮುಂದೆ ಕರೆದು, ಗಂಟಲು ಏರಿಸಿ ಯೋಸೇಫನ ಕಥೆ ಹಿಡಿದೆ. ಅವನು ಸೆರೆಮನೆ ಸೇರುವಷ್ಟರಲ್ಲಿ ಪಾಸ್ಟರ್ ವಾಚು ತೋರಿಸಿದರು. ಅವನನ್ನು ಅಲ್ಲೇ ಬಿಟ್ಟು ಬಂದು ಕೂತುಕೊಂಡೆ.